ನೇತ್ರಾಣಿ ಡೈವಿಂಗ್: ಆದದ್ದನ್ನು ಮುಚ್ಚಿಡದವರ ಬೋಟು

ಡಿಸೆಂಬರಿನಲ್ಲಿ ಅಕ್ಕನ ಮಗನನ್ನು ಕರ್ಕೊಂಡು ಸ್ಕೂಬಾ ಡೈವಿಂಗಿಗೆ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಬುಕ್ ಮಾಡುವ ಮೊದಲು ಮುರ್ಡೇಶ್ವರದಲ್ಲಿ ಎರಡು ಕಡೆ ಒಂದೇ ಪ್ರಶ್ನೆ ಕೇಳಿದೆ: ನಿಮ್ಮಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದೆಯಾ? ಒಬ್ಬರು "ಇಲ್ಲಿವರೆಗೆ ಏನೂ ಇಲ್ಲ ಮೇಡಂ, ಫುಲ್ ಸೇಫ್" ಅಂದು ವಿಡಿಯೋ ಪ್ಯಾಕೇಜಿನ ಮಾತು ತೆಗೆದರು. ಇನ್ನೊಬ್ಬರು ಕುರ್ಚಿ ಕೊಟ್ಟು ಕೂರಿಸಿದರು. ಶೀತ ಇದ್ದರೂ ಹೇಳದೆ ಇಳಿದ ಹುಡುಗನೊಬ್ಬನ ಕಿವಿಯ ತಮಟೆ ಹರಿದಿತ್ತಂತೆ. "ನಮ್ಮವರೂ ಸರಿಯಾಗಿ ಕೇಳಿರಲಿಲ್ಲ, ಫಾರ್ಮಿಗೆ ಸುಮ್ನೆ ಸಹಿ ಹಾಕಿಸಿದ್ರು" ಅಂದರು. ನಾನು ದುಡ್ಡು ಕಟ್ಟಿದ್ದು ಇವರಿಗೇ.

10 ಮೀಟರ್ ಕೆಳಗಿಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದದ್ದರ ಎರಡರಷ್ಟಾಗುತ್ತದೆ. ಮೂಗು ಕಟ್ಟಿದ್ದರೆ ಕಿವಿಯೊಳಕ್ಕೆ ಗಾಳಿ ಹೋಗಿ ಅದನ್ನು ಸರಿದೂಗಿಸಲು ಆಗುವುದಿಲ್ಲ. ಇದನ್ನೆಲ್ಲ ದಡದಲ್ಲೇ ಕನ್ನಡದಲ್ಲಿ ಬಿಡಿಸಿ ಹೇಳಿದರು. ಈಗ ಫಾರ್ಮನ್ನು ಗಟ್ಟಿಯಾಗಿ ಓದಿ ಒಂದೊಂದಕ್ಕೂ ಉತ್ತರ ಕೇಳುತ್ತಾರೆ: ಅಸ್ತಮಾ, ಫಿಟ್ಸ್, ಹೃದಯದ ತೊಂದರೆ, ಇತ್ತೀಚಿನ ಆಪರೇಷನ್. ನಮ್ಮ ಹುಡುಗನಿಗೆ ಮೂಗು ಸೋರುತ್ತಿತ್ತು. "ಇವತ್ತು ನೀನು ಇಳಿಯೋದು ಬೇಡ ಮಾರಾಯಾ" ಅಂದು ಅವನ ದುಡ್ಡನ್ನು ಅಲ್ಲೇ ವಾಪಸ್ ಕೊಟ್ಟರು. ಅವನಿಗೆ ಅಳುವೇ ಬಂತು, ಪಾಪ. ಆದರೆ ಎಷ್ಟು ಜನ ಹೀಗೆ ಗಿರಾಕಿ ಬಿಡ್ತಾರೆ ಹೇಳಿ?

ಬೋಟಿನಲ್ಲಿ ಆಕ್ಸಿಜನ್ ಕಿಟ್ ಎಲ್ಲಿ ಅಂತ ಕೇಳಿದೆ. ಪೆಟ್ಟಿಗೆ ತೆಗೆದರು, ಮಾಸ್ಕ್ ಜೋಡಿಸಿದರು, ವಾಲ್ವ್ ತಿರುಗಿಸಿ ಸುಂಯ್ ಅನ್ನುವ ಸದ್ದನ್ನೂ ಕೇಳಿಸಿದರು. ನನ್ನ ಸಿಲಿಂಡರಿನ ಗೇಜಿನಲ್ಲಿ ಮುಳ್ಳು 200 ಬಾರ್ (ಒಳಗಿನ ಗಾಳಿಯ ಒತ್ತಡದ ಅಳತೆ) ತೋರಿಸುತ್ತಿತ್ತು. 50 ಉಳಿದಿರುವಾಗಲೇ ಮೇಲೆ ಬಂದಿರಬೇಕು ಅಂದರು. ನೀರಿನಲ್ಲಿ ಇನ್‌ಸ್ಟ್ರಕ್ಟರ್ ನನ್ನೊಬ್ಬಳಿಗೇ ಇದ್ದರು, ಕೈ ಬಿಡಲಿಲ್ಲ. ಉಸಿರು ಮಾತ್ರ ಹಿಡಿಯಬೇಡಿ, ಮೇಲೆ ಬರುವಾಗ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟಾಗುತ್ತದೆ ಅಂತ ಮೊದಲೇ ಒತ್ತಿ ಹೇಳಿದ್ದರು. ಮೀನು, ಹವಳ ಎಲ್ಲ ಚೆನ್ನಾಗಿ ಕಂಡವು. ಫೋಟೋಗೆ ಬೇರೆ ದುಡ್ಡು.

ಒಂದು ಕೊರತೆ ಇದೆ. ಬೇಗ ಮೇಲೆ ಬಂದು ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಕಟ್ಟಿದರೆ ಒತ್ತಡದ ಚೇಂಬರಿನಲ್ಲೇ ಚಿಕಿತ್ಸೆ ಆಗಬೇಕು. ಅದಕ್ಕೆ ಎಲ್ಲಿಗೆ ಒಯ್ಯುತ್ತೀರಿ ಅಂತ ಕೇಳಿದರೆ ಸರಿಯಾದ ಉತ್ತರ ಸಿಗಲಿಲ್ಲ. ಮೊದಲ ಸಲ ಇಳಿಯುವವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ, ಅಪಾಯ ಕಡಿಮೆ, ನಿಜ. ಆದರೂ ಆ ಜಾಗದ ಹೆಸರು, ಫೋನ್ ನಂಬರು ಆಫೀಸಿನ ಗೋಡೆ ಮೇಲಿರಬೇಕು, ರೇಟ್ ಬೋರ್ಡಿನ ಪಕ್ಕದಲ್ಲೇ. ಅವರಿಗೂ ಹೇಳಿ ಬಂದಿದ್ದೇನೆ.