ಹೊದಿಕೆ ಎತ್ತಿ ನೋಡದೆ ಕೆಟ್ಟೆ, ನೀವಾದರೂ ನೋಡಿ

ಹೆತ್ತವರನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದವರು, ಸೇರಿಸಬೇಕೆಂದಿರುವವರು ದಯವಿಟ್ಟು ಓದಿ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಪಾರ್ಶ್ವವಾಯುವಾದ ಮೇಲೆ ಅಮ್ಮನಿಗೆ ಮಾತು ಹೋಗಿತ್ತು, ತಾನಾಗಿ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಹೊರಳಿಸಿ ಮಲಗಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ ಎಂದು ಆಸ್ಪತ್ರೆಯಲ್ಲೇ ಹೇಳಿ ಕಳುಹಿಸಿದ್ದರು. ಕೇಂದ್ರದಲ್ಲಿ ಅದನ್ನೇ ಕೇಳಿದೆ. ಮ್ಯಾನೇಜರ್ ಮಂಚಕ್ಕೆ ನೇತುಹಾಕಿದ್ದ ಹಾಳೆ ತೋರಿಸಿದರು. ಎಡಮಗ್ಗುಲು, ಬಲಮಗ್ಗುಲು, ಸಮಯ, ಸಹಿ. ಎಂಥ ಅಚ್ಚುಕಟ್ಟು! ಅದರ ಫೋಟೋ ತೆಗೆದು, 'ಮನೆಯಲ್ಲಿ ನಮ್ಮ ಕೈಲಿ ಇಷ್ಟು ಆಗುತ್ತಿತ್ತೇ?' ಎಂದು ಅಣ್ಣನಿಗೆ ಕಳುಹಿಸಿದವಳು ನಾನೇ.

ಫೋನ್ ಮಾಡಿಯೇ ಹೋಗಬೇಕಿತ್ತು. ಹೋದಾಗಲೆಲ್ಲ ತಲೆ ಬಾಚಿ, ಕುತ್ತಿಗೆಯವರೆಗೆ ಹೊದಿಸಿರುತ್ತಿದ್ದರು. 'ಈಗಷ್ಟೇ ಕಣ್ಣು ಮುಚ್ಚಿದ್ದಾರೆ, ಎಬ್ಬಿಸಬೇಡಿ.' ಒಂದು ಬಗೆಯ ವಾಸನೆ ಇತ್ತು. ಬಚ್ಚಲಿನದು ಎಂದುಕೊಂಡೆ. ಬಚ್ಚಲಿನದು!

ಮೂರನೆಯ ವಾರ ಸ್ಕ್ಯಾನಿಂಗ್‌ಗೆಂದು ಬೆಳಿಗ್ಗೆ 9ಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ನರ್ಸ್ ಅಮ್ಮನನ್ನು ಹೊರಳಿಸಿದವರು ಸುಮ್ಮನಾಗಿಬಿಟ್ಟರು, ಆಮೇಲೆ ನನ್ನನ್ನು ಕರೆದರು. ಬೆನ್ನಿನ ಬುಡದಲ್ಲಿ ಅಂಗೈಯಗಲದ ಹುಣ್ಣು, ಅಂಚು ಕಪ್ಪಗಾಗಿತ್ತು.

ವಾಪಸಾದಾಗ 3 ಗಂಟೆ ದಾಟಿತ್ತು. ನೇರವಾಗಿ ಹಾಳೆ ನೋಡಿದೆ. ಅವತ್ತಿನ ಸಾಲು ತುಂಬಿತ್ತು. 12 ಗಂಟೆ, ಬಲಮಗ್ಗುಲು, ಸಹಿ. 12 ಗಂಟೆಗೆ ಅಮ್ಮ ನನ್ನ ಕೈ ಹಿಡಿದುಕೊಂಡು ಸ್ಟ್ರೆಚರ್ ಮೇಲಿದ್ದರು! ಅದರ ಮುಂದೆ 4 ಗಂಟೆಯದೂ ತುಂಬಿತ್ತು. ಇನ್ನೂ ಆಗದ 4 ಗಂಟೆ.

ಮ್ಯಾನೇಜರ್ ಮೊದಲು ಹೇಳಿದ್ದು, 'ಹುಡುಗಿ ಹೊಸಬಳು, ಗಡಿಬಿಡಿಯಲ್ಲಿ ಬರೆದಿರಬೇಕು.' ಆಮೇಲೆ, 'ಈ ವಯಸ್ಸಿನಲ್ಲಿ ಚರ್ಮ ತೆಳು, ಏನು ಮಾಡಿದರೂ ಆಗುತ್ತದೆ.' ಆಮೇಲೆ, 'ಬರುವಾಗಲೇ ಇತ್ತಲ್ಲ?' ದೂರು ಕೊಡುತ್ತೇನೆ ಎಂದಾಗ ಕನ್ನಡಕ ತೆಗೆದಿಟ್ಟು, 'ವಾರ ವಾರ ಬರುತ್ತಿದ್ದಿರಿ. ಮಗಳಾಗಿ ನಿಮಗೇ ಕಾಣಲಿಲ್ಲವೇ?' ಎಂದರು. ಉತ್ತರ ಹೊರಡಲಿಲ್ಲ. ಇಂದಿಗೂ ಹೊರಡುತ್ತಿಲ್ಲ. ಫೋಟೋ ತೆಗೆಯೋಣವೆಂದು ತಿರುಗಿ ಹೋಗುವಷ್ಟರಲ್ಲಿ ಹಾಳೆ 'ಫೈಲಿಗೆ' ಸೇರಿತ್ತು.

ಆ ಹುಡುಗಿ ಬಾಗಿಲವರೆಗೆ ಬಂದು, 'ರಾತ್ರಿ ಇಡೀ ಮಹಡಿಗೆ ನಾನೊಬ್ಬಳೇ ಅಕ್ಕ' ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಹೇಳದೆ ಕೇಳದೆ ಹೋಗಿ. ರಾತ್ರಿ ಎಷ್ಟು ಜನರಿಗೆ ಎಷ್ಟು ಮಂದಿ ಇರುತ್ತಾರೆ ಎಂದು ಸೇರಿಸುವ ಮೊದಲೇ ಕೇಳಿ. ಸಂಕೋಚ ಬಿಟ್ಟು ಹೊದಿಕೆ ಎತ್ತಿ, ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ ನೋಡಿ. ಕೆಂಪಗಿದ್ದ ಜಾಗ ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಸೇರಿಸುವ ದಿನವೇ ಮೈಯ ಫೋಟೋ ತೆಗೆದಿಡಿ, 'ಬರುವಾಗಲೇ ಇತ್ತು' ಎನ್ನುತ್ತಾರೆ.

ಅಮ್ಮ ಈಗ ಮನೆಯಲ್ಲಿದ್ದಾರೆ, ದಿನವೂ ಡ್ರೆಸ್ಸಿಂಗ್ ನಡೆದಿದೆ. ಮುಂಗಡ ವಾಪಸ್ ಕೇಳಿದ್ದಕ್ಕೆ ನಿನ್ನೆ ಉತ್ತರ ಬಂತು. ಒಂದು ತಿಂಗಳ ಮುಂಚೆ ನೋಟಿಸ್ ಕೊಡದೆ ಕರೆದುಕೊಂಡು ಹೋದೆನಂತೆ, ಕೊಡಲಾಗುವುದಿಲ್ಲವಂತೆ.