ಬಾಡಿಗೆಗೆ ಕೊಡಲು ಕೊಳ್ಳುವುದಾದರೆ ಮೈಸೂರಲ್ಲಿ ಫ್ಲ್ಯಾಟೋ, ಮನೆಯೋ?

ಊರಲ್ಲೇ ಇದ್ದು ನೋಡಿಕೊಳ್ಳಬಲ್ಲವರಿಗೆ ನಮ್ಮ ಸಲಹೆ ಮಹಡಿ ಮನೆ, ದೂರದಲ್ಲಿರುವವರಿಗೆ ಫ್ಲ್ಯಾಟ್.

ಫ್ಲ್ಯಾಟಿನಲ್ಲಿ ನೀರು, ಕಾವಲು, ಲಿಫ್ಟಿನ ಚಿಂತೆ ಸಂಘದ್ದು. ಆದರೆ ಖಾಲಿ ಬಿದ್ದ ತಿಂಗಳೂ ನಿರ್ವಹಣಾ ಶುಲ್ಕ ಕಟ್ಟಬೇಕು. ಹಾಗಾಗಿ ವರ್ಷಕ್ಕೆ 10 ತಿಂಗಳ ಬಾಡಿಗೆಯನ್ನಷ್ಟೇ ಲೆಕ್ಕ ಹಿಡಿಯಿರಿ. ಮಹಡಿ ಮನೆಯಲ್ಲಿ ಎರಡು ಸಂಸಾರವಿದ್ದರೆ ಒಂದು ಹೋದರೂ ಇನ್ನೊಂದರ ಬಾಡಿಗೆ ನಿಲ್ಲದು, ನೆಲವೂ ಪೂರ್ತಿ ನಿಮ್ಮದೇ. ಸೋರುವ ತಾರಸಿ, ಕೆಟ್ಟ ಮೋಟಾರು ಮಾತ್ರ ನಿಮ್ಮ ತಲೆಗೆ. ಎರಡೂ ಸಂಸಾರಕ್ಕೆ ಬೇರೆ ಬೇರೆ ಕರೆಂಟ್ ಮೀಟರ್ ಇರಲಿ, ಇಲ್ಲವಾದರೆ ತಿಂಗಳು ತಿಂಗಳೂ ಜಗಳ.

ಹೊರವಲಯದ ಕಂದಾಯ ನಿವೇಶನದ (ಕೃಷಿ ಜಮೀನನ್ನೇ ತುಂಡು ಮಾಡಿ ಮಾರಿದ ಸೈಟಿನ) ಮನೆ ಅಗ್ಗವೆಂದು ಮರುಳಾಗಬೇಡಿ. ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ವಸತಿಗೆ ಬಳಸಲು ಸರ್ಕಾರದ ಅನುಮತಿ, ಆಗಿರದಿದ್ದರೆ ಸಾಲ ಹುಟ್ಟುವುದೂ ಕಷ್ಟ, ಮಾರುವುದೂ ಕಷ್ಟ. 30 ವರ್ಷದ ಋಣಭಾರ ಪತ್ರ (ಆಸ್ತಿಯ ನೋಂದಾಯಿತ ಮಾರಾಟ, ಅಡಮಾನಗಳ ಪಟ್ಟಿ), ಇ-ಖಾತಾ (ಸ್ಥಳೀಯ ಸಂಸ್ಥೆಯ ಗಣಕೀಕೃತ ಆಸ್ತಿ ದಾಖಲೆ) ಕಣ್ಣಾರೆ ನೋಡಿದ ಮೇಲೆಯೇ ಮುಂಗಡ ಕೊಡಿ.