ಹಳೇ ಇ2ಓ ಕಾರು: ಬೇಸಿಗೆಯಲ್ಲಿ ಮಾತ್ರ ಮುನಿಸಿಕೊಳ್ಳುವ ಚಾರ್ಜಿಂಗ್

ಹಳೇ ಎಲೆಕ್ಟ್ರಿಕ್ ಕಾರು ಅಂದ ತಕ್ಷಣ ಎಲ್ಲರೂ ಕೇಳುವುದು "ಬ್ಯಾಟರಿ ಹೇಗಿದೆ?" ಅಂತ. ನನ್ನ ಇ2ಓ ಬ್ಯಾಟರಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ. ನನ್ನ ತಲೆ ತಿಂದದ್ದು ಮನೆಯ ಚಾರ್ಜಿಂಗ್. ಅದೂ ಬೇಸಿಗೆಯಲ್ಲಿ ಮಾತ್ರ.

ಮಹೀಂದ್ರ ರೇವಾ ಈ ಕಾರನ್ನು 2013ರಲ್ಲಿ ತಂದಿತು. ಬೆಂಗಳೂರಿನ ಬೊಮ್ಮಸಂದ್ರದಲ್ಲೇ ತಯಾರಾಗುತ್ತಿತ್ತು. 2016ರಲ್ಲಿ ನಾಲ್ಕು ಬಾಗಿಲಿನ ಇ2ಓ ಪ್ಲಸ್ ಬಂತು, ಈಗ ಅದೂ ಇಲ್ಲ. ನನ್ನದು ಎರಡು ಬಾಗಿಲಿನ ಹಳೆಯದು, ಸೆಕೆಂಡ್ ಹ್ಯಾಂಡ್. ಮೈಸೂರಿನೊಳಗೆ ಆಫೀಸು, ಮಾರ್ಕೆಟ್ಟು, ಅಮ್ಮನ ಆಸ್ಪತ್ರೆ ಇಷ್ಟಕ್ಕೆ ಇದಕ್ಕಿಂತ ಜಾಸ್ತಿ ಕಾರು ನನಗೆ ಬೇಕಾಗಿಲ್ಲ. ಸಂದಿಯಲ್ಲಿ ತಿರುಗಿಸುವ ಸುಖವೇ ಬೇರೆ.

ರಾತ್ರಿ ಊಟವಾದ ಮೇಲೆ ಗೇಟಿಗೆ ಬೀಗ ಹಾಕುವ ಹೊತ್ತಿಗೆ ಕಾರನ್ನು ಚಾರ್ಜಿಗೆ ಹಾಕುವುದು ನನ್ನ ಕೆಲಸ. ಮೊದಲು ಕೇಬಲ್ಲನ್ನು ಕಾರಿಗೆ, ಆಮೇಲೆ ಪ್ಲಗ್ಗನ್ನು ಗೋಡೆಯ 15 ಆಂಪ್ ಪಾಯಿಂಟಿಗೆ, ಕೊನೆಗೆ ಸ್ವಿಚ್. ಒಳಗಿನಿಂದ ಟಿಕ್ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ಸಣ್ಣಗೆ ಗುಂಯ್ ಅನ್ನಲು ಶುರುಮಾಡುತ್ತದೆ. ಆ ಗುಂಯ್ ಕೇಳಿಸಿದರೆ ನನಗೆ ನೆಮ್ಮದಿ. ಮನೆಯವರು ಒಳಗಿನಿಂದಲೇ "ರೀ, ಹಾಡ್ತಾ ಇದೆಯಾ ನಿಮ್ಮ ಕಾರು?" ಅಂತ ಕೇಳುತ್ತಾರೆ.

ಶಿವರಾತ್ರಿ ಕಳೆದ ಮೇಲೆ ಹಾಡು ನಿಂತುಹೋಗುತ್ತಿತ್ತು. ಒಂದೊಂದು ರಾತ್ರಿ ಟಿಕ್ ಅಂದು ಸುಮ್ಮನಾಗುತ್ತಿತ್ತು. ಇನ್ನೊಂದು ರಾತ್ರಿ ಅರ್ಧಕ್ಕೆ ನಿಂತಿರುತ್ತಿತ್ತು, ಬೆಳಗ್ಗೆ ನೋಡಿದರೆ ಆಫೀಸಿಗೆ ಹೋಗಿ ಬರುವಷ್ಟೂ ಇರುತ್ತಿರಲಿಲ್ಲ. ಮಳೆ ಹಿಡಿದ ಮೇಲೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮತ್ತೆ ಸರಿ.

ಗ್ಯಾರೇಜಿನಲ್ಲಿ ಕಾರು ನೋಡಿದವರು "ಬಿಸಿಲಿಗೆ ಚಾರ್ಜರ್ ಹೋಗಿದೆ, ಬದಲಾಯಿಸಿ" ಅಂದರು. ಹೇಳಿದ ಬೆಲೆ ಕೇಳಿ ಕಾರನ್ನೇ ಮಾರಿಬಿಡೋಣ ಅನ್ನಿಸಿತು. ಮಲ್ಟಿಮೀಟರ್ ಕೂಡ ಹಿಡಿಯದೆ, ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದ ಮಾತದು. ಅದೇ ವಾರ ನಂಜನಗೂಡಿನ ಭಾವನ ಮನೆಗೆ ಹೋದಾಗ ಅವರ ಗೋಡೆಗೆ ಹಾಕಿದೆ. ಅಷ್ಟೇ ಬಿಸಿಲು, ಅದೇ ಕೇಬಲ್, ಅದೇ ಕಾರು. ತಕರಾರಿಲ್ಲದೆ ತುಂಬಿಕೊಂಡಿತು. ಆಗಲೇ ನನಗೆ ಮನೆಯ ಮೇಲೆ ಅನುಮಾನ ಬಂದದ್ದು. ಅಮ್ಮ ಬೇರೆ ಹೇಳಿದ್ದರು: "ಬರಿಗಾಲಲ್ಲಿ ನಿಂತು ಕಾರು ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣೋ."

ಬಂದ ಎಲೆಕ್ಟ್ರಿಷಿಯನ್ ವಯಸ್ಸಾದವರು. ಪಾಯಿಂಟಿಗೆ ಮಲ್ಟಿಮೀಟರ್ ಹಿಡಿದರು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಹತ್ತಿರ, ಫೇಸ್ ಮತ್ತು ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ) ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ಎಲ್ಲ ಸರಿಯಿದೆಯಲ್ಲ ಅಂದೆ. ಅವರು ಮಾತಾಡದೆ ಚೀಲದಿಂದ ಹೋಲ್ಡರಿಗೆ ಹಾಕಿದ 100 ವ್ಯಾಟಿನ ಹಳೇ ಬಲ್ಬ್ ತೆಗೆದರು. ಫೇಸು, ನ್ಯೂಟ್ರಲ್ಲಿಗೆ ಕೊಟ್ಟಾಗ ಕಣ್ಣು ಕುಕ್ಕುವ ಬೆಳಕು. ನ್ಯೂಟ್ರಲ್ ಬಿಟ್ಟು ಅರ್ಥಿಗೆ ಕೊಟ್ಟಾಗ ಬಲ್ಬಿನೊಳಗಿನ ತಂತಿ ಮಾತ್ರ ಕೆಂಪಗೆ ಕಂಡಿತು, ಅಷ್ಟೇ. "ಸಾರ್, ಕಾರಿಗೆ ಏನೂ ಆಗಿಲ್ಲ. ನಿಮ್ಮ ಮನೆಗೇ ಅರ್ಥ್ ಇಲ್ಲ" ಅಂದರು.

ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಹಾಗಾಗಿ ಕೆಟ್ಟ ಅರ್ಥಿನಲ್ಲೂ ವೋಲ್ಟೇಜ್ ತೋರಿಸುತ್ತದೆ. ಬಲ್ಬು ನಿಜವಾಗಿ ಕರೆಂಟ್ ಎಳೆಯುವುದರಿಂದ ಬಣ್ಣ ಬಯಲಾಗುತ್ತದೆ. (ಇದನ್ನು ನೀವೇ ಮಾಡಲು ಹೋಗಬೇಡಿ. ಮನೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್, ಇದ್ದರೆ ಬಲ್ಬ್ ಹತ್ತುವ ಮೊದಲೇ ಅದು ಬೀಳುತ್ತದೆ. ನಮ್ಮ ಹಳೇ ಮನೆಯಲ್ಲಿ ಅದೂ ಇರಲಿಲ್ಲ.)

ಹಿತ್ತಲಲ್ಲಿ ಅಗೆದಾಗ ಗುಟ್ಟು ಸಿಕ್ಕಿತು. ಮನೆ ಕಟ್ಟಿದಾಗ ಇದ್ದಿಲು, ಉಪ್ಪು ಹಾಕಿ ಅರ್ಥಿಗೆಂದು ಹೂತ ಜಿಐ (ಸತು ಲೇಪದ ಕಬ್ಬಿಣದ) ಪೈಪು. ಉಪ್ಪಿನಿಂದ ಅರ್ಥ್ ತಂತಿಯನ್ನು ಪೈಪಿಗೆ ಹಿಡಿದಿಡುವ ಕ್ಲಾಂಪಿಗೆ ತುಕ್ಕು ಹಿಡಿದು, ಮುಟ್ಟಿದರೆ ಉದುರುತ್ತಿತ್ತು. ತಂತಿ ಸುಮ್ನೆ ಮಣ್ಣಿಗೆ ತಾಗಿಕೊಂಡಿತ್ತು, ಅಷ್ಟೇ. ಮಣ್ಣು ಹಸಿಯಿದ್ದಷ್ಟು ದಿನ ಹೇಗೋ ಕೆಲಸ ನಡೆಯಿತು. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣು ಒಣಗಿ ಬಿರುಕು ಬಿಟ್ಟಾಗ ಅದೂ ಇಲ್ಲ. ಅರ್ಥ್ ಇಲ್ಲ ಅಂತ ಗೊತ್ತಾದರೆ ಚಾರ್ಜರ್ ಹಟ ಮಾಡಿ ಕೂರುತ್ತದೆ. ಪಾಪ, ನಮ್ಮ ಜೀವ ಉಳಿಸುವುದಕ್ಕೇ ಅದು ಹಾಗೆ ಮಾಡುವುದು. ಗೀಸರ್ ಮಾತ್ರ ಅದೇ ಅರ್ಥಿನ ಮೇಲೆ ಇಷ್ಟು ವರ್ಷ ತೆಪ್ಪಗೆ ನೀರು ಕಾಯಿಸಿಕೊಂಡಿತ್ತು. ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ತಾಮ್ರ ಲೇಪದ ಹೊಸ ರಾಡ್ ಹಾಕಿಸಿದೆವು. ಸುತ್ತ ಉಪ್ಪಿನ ಬದಲು ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಪುಡಿ. ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ, ಲೋಹವನ್ನೂ ತಿನ್ನುವುದಿಲ್ಲ. ಕಾರಿನ ಲೈನಿಗೇ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್), 30 ಮಿಲಿಆಂಪಿನ ಆರ್‌ಸಿಸಿಬಿ. ಆರ್‌ಸಿಸಿಬಿ ತರುವಾಗ 'ಎ' ಟೈಪ್ ಕೇಳಿ ತನ್ನಿ. ಅಂಗಡಿಯವರು ಸಾಮಾನ್ಯವಾಗಿ ಕೊಡುವ 'ಎಸಿ' ಟೈಪಿಗೆ ಚಾರ್ಜರಿನಂಥ ಎಲೆಕ್ಟ್ರಾನಿಕ್ ವಸ್ತುವಿನ ಲೀಕೇಜ್ ಕೆಲವು ಸಲ ಗೊತ್ತೇ ಆಗುವುದಿಲ್ಲ.

ಬಿಚ್ಚಿದ್ದೇ ಬಿಚ್ಚಿದ್ದು ಅಂತ ಗೋಡೆಯ ಪಾಯಿಂಟನ್ನೂ ಬಿಚ್ಚಿಸಿದೆ. ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. 15 ಆಂಪಿನದ್ದಾದರೇನು, ಗೀಸರ್ ಎಳೆಯುವುದು ಇಪ್ಪತ್ತು ನಿಮಿಷ, ಕಾರು ಎಳೆಯುವುದು ಗಂಟೆಗಟ್ಟಲೆ. ಈಗ ಲೋಹದ ಡಬ್ಬಿಯ ಇಂಡಸ್ಟ್ರಿಯಲ್ ಸಾಕೆಟ್, 4 ಸ್ಕ್ವೇರ್ ಎಂಎಂ ತಾಮ್ರದ ವೈರು. ಚಾರ್ಜಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಬೆನ್ನು ಮುಟ್ಟಿ ನೋಡುವ ಅಭ್ಯಾಸ ಮಾತ್ರ ಹೋಗಿಲ್ಲ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಆಫ್ ಮಾಡಲೇಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ವಿಷಯ ಎತ್ತಲೇಬೇಡಿ.

ಇಷ್ಟಕ್ಕೆಲ್ಲ ಆದ ಖರ್ಚು ಹೊಸ ಚಾರ್ಜರಿನ ಮುಂದೆ ಏನೂ ಅಲ್ಲ. ಹೊಟ್ಟೆ ಉರಿಯುವುದು ಕರೆಂಟ್ ಬಿಲ್ಲಿಗೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಮನೆ ಕಾರಿನ ಜತೆ ಸೇರಿ ಸರಿಯಾಗಿ ಆ ಗೆರೆಯ ಹತ್ತಿರವೇ ಓಡಾಡುತ್ತದೆ. ತಿಂಗಳ ಕೊನೆಗೆ ಮೀಟರ್ ನೋಡಿಕೊಂಡು ಒಂದೆರಡು ದಿನ ಸ್ಕೂಟರಿನಲ್ಲಿ ಹೋಗುತ್ತೇನೆ. ನಗಬೇಡಿ. ಆದರೂ ಪೆಟ್ರೋಲ್ ಲೆಕ್ಕದ ಮುಂದೆ ಇದು ಅಗ್ಗವೇ.

ಭಾನುವಾರ ಬೆಳಗ್ಗೆ ಅಕ್ವಾಗಾರ್ಡ್ ಬಿಡುವ ನೀರನ್ನು ಒಂದು ಬಕೆಟ್ ತುಂಬಿ ಅರ್ಥಿಂಗ್ ಗುಂಡಿಗೆ ಸುರಿಯುತ್ತೇನೆ. ಹೊಸ ರಾಡಿಗೆ ಅಷ್ಟು ಬೇಕಾಗಿಲ್ಲ ಅಂತಾರೆ ಎಲೆಕ್ಟ್ರಿಷಿಯನ್. ಇರಲಿ ಬಿಡಿ, ಪಕ್ಕದಲ್ಲೇ ಕರಿಬೇವಿನ ಗಿಡ ಇದೆ, ಅದಕ್ಕೂ ಆಯಿತು.

ಇಂಥ ಹಳೇ ಕಾರು ನೋಡಲು ಹೋಗುವವರು ಒಂದು ಸುತ್ತು ಓಡಿಸಿ ಬಂದರೆ ಸಾಲದು. ಮಾರುವವರ ಮನೆಯಲ್ಲೇ ಅರ್ಧ ಗಂಟೆ ಚಾರ್ಜಿಗೆ ಹಾಕಿಸಿ. ಅಲ್ಲಿ ತುಂಬಿಕೊಂಡು ನಿಮ್ಮ ಮನೆಯಲ್ಲಿ ತುಂಬಿಕೊಳ್ಳದಿದ್ದರೆ ಗ್ಯಾರೇಜಿಗೆ ಫೋನ್ ಮಾಡುವ ಮೊದಲು ಎಲೆಕ್ಟ್ರಿಷಿಯನ್‌ಗೆ ಮಾಡಿ. ಬಲ್ಬ್ ತರಲು ಹೇಳಿ.